ಗ್ಯಾಸ್ ತುಂಬಿಸುವ ಮೊದಲು, ಆಫ್ ಮಾಡುವ ಮೊದಲು

ಬೇಸಿಗೆ ಶುರುವಾದರೆ ಈ ಅಂಕಣಕ್ಕೆ ಬರುವ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಾರಿನ ಎಸಿಯದ್ದೇ ಇರುತ್ತವೆ. ಈ ಸಲ ಫೋನು, ವೈಫೈ, ಕಾರಿನೊಳಗಿನ ಟಚ್ ಸ್ಕ್ರೀನ್ ಬಗ್ಗೆಯೂ ಕೇಳಿದ್ದೀರಿ. ಎಲ್ಲವನ್ನೂ ಒಟ್ಟಿಗೆ ಓದಿದರೆ ಬೇರೆ ಬೇರೆ ಪ್ರಶ್ನೆ ಅನ್ನಿಸಲಿಲ್ಲ. ಆಫ್ ಮಾಡಿ ಆನ್ ಮಾಡಿದರೆ ಹೋಗುವ ತೊಂದರೆ ಯಾವುದು, ಹೋಗದಿರುವುದು ಯಾವುದು, ಇಷ್ಟೇ. ಯಂತ್ರದೊಳಗಿನ ಕಂಪ್ಯೂಟರ್ ಲೆಕ್ಕ ತಪ್ಪಿದ್ದರೆ ಹೋಗುತ್ತದೆ. ತೂತು ಬಿದ್ದಿದ್ದರೆ, ಧೂಳು ಕಟ್ಟಿದ್ದರೆ, ಚಕ್ರದ ಹಲ್ಲು ಮುರಿದಿದ್ದರೆ ಹೋಗುವುದಿಲ್ಲ.

ಸಾರ್, ನಮ್ಮದು ಏಳು ವರ್ಷದ ಚಿಕ್ಕ ಕಾರು. ಪ್ರತಿ ಮಾರ್ಚ್‌ನಲ್ಲಿ ಎಸಿ ಗ್ಯಾಸ್ ಹಾಕಿಸುತ್ತೇನೆ, ಮೇ ಮುಗಿಯುವ ಹೊತ್ತಿಗೆ ಮತ್ತೆ ತಂಪಿಲ್ಲ. ಮೂರು ವರ್ಷದಿಂದ ಇದೇ ಕತೆ. ಗ್ಯಾರೇಜಿನವರು "ಗ್ಯಾಸ್ ಖಾಲಿ ಆಗೋದು ಸಹಜ" ಅನ್ನುತ್ತಾರೆ. ನಿಜವೇ? (ಶಿಕ್ಷಕಿ, ಬನಶಂಕರಿ)

ಎರಡೇ ತಿಂಗಳಲ್ಲಿ ಖಾಲಿಯಾಗುವುದು ಸಹಜ ಅಲ್ಲವೇ ಅಲ್ಲ ಮೇಡಂ. ಎಸಿ ಗ್ಯಾಸ್ ಪೆಟ್ರೋಲ್ ತರ ಉರಿದು ಮುಗಿಯುವ ವಸ್ತುವಲ್ಲ. ಅದೇ ಗ್ಯಾಸ್ ಸುತ್ತುತ್ತಲೇ ಇರುತ್ತದೆ. ಕಂಪ್ರೆಸರ್ ಅದನ್ನು ಒತ್ತುತ್ತದೆ, ಒತ್ತಿದಾಗ ಬಿಸಿಯಾಗುತ್ತದೆ, ಆ ಬಿಸಿಯನ್ನು ಕಾರಿನ ಮೂತಿಯಲ್ಲಿರುವ ಕಂಡೆನ್ಸರ್ ಹೊರಗಿನ ಗಾಳಿಗೆ ಬಿಡುತ್ತದೆ. ಅಲ್ಲಿ ಗ್ಯಾಸ್ ದ್ರವವಾಗಿ, ಸಣ್ಣ ವಾಲ್ವ್ ಒಂದರಲ್ಲಿ ನುಸುಳಿ, ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಮತ್ತೆ ಆವಿಯಾಗುತ್ತದೆ. ಆಗ ಕಾಯಿಲ್ ತಣ್ಣಗಾಗುತ್ತದೆ. ಬ್ಲೋವರ್ ಅದರ ಮೇಲೆ ಗಾಳಿ ಊದಿ ನಿಮಗೆ ಕಳಿಸುತ್ತದೆ. ರಬ್ಬರ್ ಪೈಪುಗಳಿಂದ, ಕಂಪ್ರೆಸರ್‌ನ ಸೀಲ್‌ನಿಂದ ವರ್ಷಗಟ್ಟಲೆ ಚೂರು ಚೂರು ಜಿನುಗುವುದು ಉಂಟು, ಅದಕ್ಕೇ ಆರೇಳು ವರ್ಷಕ್ಕೊಮ್ಮೆ ಸ್ವಲ್ಪ ಕಡಿಮೆಯಾದರೆ ಒಪ್ಪಬಹುದು. ಎರಡು ತಿಂಗಳಲ್ಲಿ ಹೋಯಿತು ಅಂದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಗ್ಯಾಸ್ ತುಂಬಿಸುವುದು ಸೋರುವ ಕೊಡಕ್ಕೆ ನೀರು ಹಾಕಿದ ಹಾಗೆ.

ನನ್ನ ಹಳೆಯ ಕಾರಿಗೂ ಎರಡು ಬೇಸಿಗೆ ಹೀಗೇ ತುಂಬಿಸಿದ್ದೆ. ಮೂರನೆಯ ಸಲ ಬೇರೆ ಮೆಕ್ಯಾನಿಕ್ ಹತ್ತಿರ ಹೋದೆ. ಅವರು ಗ್ಯಾಸ್ ಮಾತೇ ಎತ್ತಲಿಲ್ಲ. ಟಾರ್ಚ್ ಹಿಡಿದು ಪೈಪುಗಳನ್ನೆಲ್ಲ ನೋಡಿದರು. ಒಂದು ಜಾಯಿಂಟ್ ಹತ್ತಿರ ಮಾತ್ರ ಧೂಳು ಜಿಡ್ಡಾಗಿ ಅಂಟಿಕೊಂಡಿತ್ತು. ಅಲ್ಲಿ ಸೋಪಿನ ನೊರೆ ಹಚ್ಚಿದರು, ಗುಳ್ಳೆ ಎದ್ದಿತು. ಒಂದು ರಬ್ಬರ್ ರಿಂಗ್ ಬದಲಾಯಿಸಿದರು, ಅಲ್ಲಿಗೆ ಮುಗಿಯಿತು. ಆ ಜಿಡ್ಡಿನ ಗುರುತನ್ನು ನೀವೂ ನೋಡಬಹುದು. ಗ್ಯಾಸ್ ಜೊತೆ ಕಂಪ್ರೆಸರ್‌ನ ಎಣ್ಣೆಯೂ ಸುತ್ತುತ್ತಿರುತ್ತದೆ, ಗ್ಯಾಸ್ ಸೋರಿದ ಕಡೆ ಎಣ್ಣೆಯೂ ಸ್ವಲ್ಪ ಹೊರಬರುತ್ತದೆ, ಅದಕ್ಕೆ ಧೂಳು ಕೂರುತ್ತದೆ. ಮುಂದುಗಡೆ ಕಂಡೆನ್ಸರ್‌ಗೆ ಕಲ್ಲು ತಾಗಿ ತೂತಾಗುವುದೂ ಸಾಮಾನ್ಯ. ನಮ್ಮ ರಿಂಗ್ ರೋಡಿನಲ್ಲಿ ಜಲ್ಲಿ ಲಾರಿ ಹಿಂದೆ ಹೋಗುವವರಿಗೆ ಇದು ಗೊತ್ತು.

ಮುಂದಿನ ಸಲ ಗ್ಯಾರೇಜಿನಲ್ಲಿ ಮೂರು ವಿಷಯ ಕೇಳಿ. ಮೊದಲು, ನೈಟ್ರೋಜನ್ ತುಂಬಿ ಲೀಕ್ ಟೆಸ್ಟ್ ಮಾಡುತ್ತೀರಾ, ಅಥವಾ ಬಣ್ಣ ಹಾಕಿ ಯುವಿ ಲೈಟ್‌ನಲ್ಲಿ ನೋಡುತ್ತೀರಾ ಅಂತ. ರಿಪೇರಿ ಆದ ಮೇಲೆ ಅರ್ಧ ಗಂಟೆಯಾದರೂ ವ್ಯಾಕ್ಯೂಮ್ ಹಾಕಿ ಒಳಗಿನ ಗಾಳಿ, ತೇವ ಎಳೆಯುತ್ತೀರಾ ಅಂತ, ಯಾಕಂದರೆ ಒಳಗೆ ತೇವ ಉಳಿದರೆ ಗ್ಯಾಸ್ ಮತ್ತು ಎಣ್ಣೆ ಜೊತೆ ಸೇರಿ ಆಸಿಡ್ ಆಗುತ್ತದೆ, ಪಾರ್ಟುಗಳನ್ನು ತಿನ್ನುತ್ತದೆ. ಕೊನೆಗೆ, ಗ್ಯಾಸ್ ಅನ್ನು ತೂಕ ಮಾಡಿ ಹಾಕುತ್ತೀರಾ ಅಂತ. ಬಾನೆಟ್ ಕೆಳಗಿನ ಸ್ಟಿಕ್ಕರ್‌ನಲ್ಲಿ ಎಷ್ಟು ಗ್ರಾಂ, ಯಾವ ಗ್ಯಾಸ್ ಅಂತ ಬರೆದಿರುತ್ತದೆ. ಚಿಕ್ಕ ಕಾರುಗಳಲ್ಲಿ ಅದು ಅರ್ಧ ಕಿಲೋಗಿಂತ ಕಡಿಮೆಯೇ ಇರುವುದು ಜಾಸ್ತಿ. ಹೆಚ್ಚು ಹಾಕಿದರೆ ಹೆಚ್ಚು ತಂಪು ಅನ್ನುವುದು ತಪ್ಪು, ಮಿತಿ ಮೀರಿದರೆ ತಂಪು ಕಡಿಮೆಯಾಗುತ್ತದೆ.

ಇನ್ನೂ ಎರಡು ಕಾರಣಕ್ಕೆ ಇದನ್ನು ಇಷ್ಟು ಒತ್ತಿ ಹೇಳುತ್ತಿದ್ದೇನೆ. ಎಣ್ಣೆ ಕಡಿಮೆಯಾಗಿ ಕಂಪ್ರೆಸರ್ ಜಾಮ್ ಆದರೆ ಖರ್ಚು ರಿಂಗ್‌ನದ್ದಲ್ಲ, ಇಡೀ ಎಸಿಯಲ್ಲಿ ದುಬಾರಿ ಭಾಗ ಅದೇ. ಜೊತೆಗೆ ಆರ್-134ಎ ಅನ್ನುವ ಈ ಗ್ಯಾಸ್ ಒಂದು ಕಿಲೋ ಗಾಳಿಗೆ ಹೋದರೆ ನೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಕಿಲೋ ಕಾರ್ಬನ್ ಡೈ ಆಕ್ಸೈಡ್‌ನಷ್ಟು ಭೂಮಿಯನ್ನು ಬಿಸಿ ಮಾಡುತ್ತದೆ. ತಂಪಿಗೆ ಅಂತ ತುಂಬಿಸಿದ್ದು ಬಿಸಿಲನ್ನೇ ಹೆಚ್ಚಿಸಿದರೆ ಹೇಗೆ?

ಅಣ್ಣಾ, ಏರ್‌ಪೋರ್ಟ್ ರೋಡಲ್ಲಿ ಎಸಿ ಚೆನ್ನಾಗಿ ಬರುತ್ತೆ. ಹೆಬ್ಬಾಳದಲ್ಲಿ ಟ್ರಾಫಿಕ್‌ನಲ್ಲಿ ನಿಂತರೆ ಬಿಸಿ ಗಾಳಿ. ಕಸ್ಟಮರ್ ಬೈತಾರೆ. ಗ್ಯಾಸ್ ಹಾಕಿಸಲಾ? (ಕ್ಯಾಬ್ ಚಾಲಕ, ಯಲಹಂಕ)

ಈಗಲೇ ಗ್ಯಾಸ್‌ಗೆ ದುಡ್ಡು ಕೊಡಬೇಡಿ ತಮ್ಮಾ. ನಿಮ್ಮ ಪತ್ರದಲ್ಲೇ ಉತ್ತರ ಇದೆ. ಓಡುವಾಗ ತಂಪು, ನಿಂತಾಗ ಬಿಸಿ ಅಂದರೆ ಮೊದಲ ಅನುಮಾನ ಕಂಡೆನ್ಸರ್ ಫ್ಯಾನ್ ಮೇಲೆ. ಗಾಡಿ ಓಡುವಾಗ ಎದುರು ಗಾಳಿಯೇ ಕಂಡೆನ್ಸರ್ ತಂಪು ಮಾಡುತ್ತದೆ, ನಿಂತಾಗ ಫ್ಯಾನೇ ಮಾಡಬೇಕು.

ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಹಾಕಿ, ಇಂಜಿನ್ ಮತ್ತು ಎಸಿ ಆನ್ ಇಟ್ಟು, ಬಾನೆಟ್ ತೆಗೆದು ದೂರದಿಂದ ನೋಡಿ. ಕೈ, ಟವೆಲ್ಲು, ಐಡಿ ಕಾರ್ಡಿನ ದಾರ ಯಾವುದೂ ಹತ್ತಿರ ಹೋಗಬಾರದು. ಒಂದೆರಡು ನಿಮಿಷದಲ್ಲಿ ಫ್ಯಾನ್ ತಿರುಗಬೇಕು. ತಿರುಗದಿದ್ದರೆ ಫ್ಯೂಸ್, ರಿಲೇ, ಫ್ಯಾನ್ ಮೋಟರ್, ಈ ಕ್ರಮದಲ್ಲಿ ನೋಡಿಸಿ. ಮೊದಲೆರಡು ಕಡಿಮೆ ಖರ್ಚಿನವು, ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಫ್ಯಾನ್ ತಿರುಗುತ್ತಿದ್ದರೆ ಕಂಡೆನ್ಸರ್ ನೋಡಿ. ಅದಕ್ಕೂ ರೇಡಿಯೇಟರ್‌ಗೂ ನಡುವೆ ಧೂಳು, ಎಲೆ, ಹುಳ ಎಲ್ಲ ತುಂಬಿ ಗೋಡೆ ಕಟ್ಟಿರುತ್ತದೆ. ಮೆಲ್ಲಗೆ ನೀರು ಬಿಟ್ಟು ತೊಳೆಸಿ. ವಾಟರ್ ಸರ್ವಿಸ್‌ನ ಜೋರು ನೀರು ನೇರ ಹೊಡೆದರೆ ಅದರ ತೆಳು ರೆಕ್ಕೆಗಳು ಮಡಚಿಕೊಳ್ಳುತ್ತವೆ, ಆಮೇಲೆ ಗಾಳಿಯೇ ಆಡುವುದಿಲ್ಲ. ಎಷ್ಟೋ ಗಾಡಿಗಳಲ್ಲಿ ರೇಡಿಯೇಟರ್‌ಗೂ ಅದೇ ಫ್ಯಾನ್. ಟೆಂಪರೇಚರ್ ಮುಳ್ಳು ಮೇಲೇರುತ್ತಿದ್ದರೆ ಟ್ರಿಪ್ ಅಲ್ಲಿಗೇ ನಿಲ್ಲಿಸಿ.

ನೀವು ಕೇಳಿಲ್ಲ, ಆದರೂ ಹೇಳಲೇಬೇಕು. ರಾತ್ರಿ ಟ್ರಿಪ್‌ಗಳ ನಡುವೆ ಕಿಟಕಿ ಮುಚ್ಚಿ, ಇಂಜಿನ್ ಆನ್ ಇಟ್ಟು, ಎಸಿ ಹಾಕಿಕೊಂಡು ಮಲಗಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿಂತ ಗಾಡಿಯೊಳಗೆ ಅದು ಸೇರಿಕೊಂಡರೆ ನಿದ್ದೆಯಲ್ಲಿ ಗೊತ್ತೇ ಆಗುವುದಿಲ್ಲ. ಬೇಸ್‌ಮೆಂಟ್ ಪಾರ್ಕಿಂಗ್‌ನಲ್ಲಂತೂ ಬೇಡವೇ ಬೇಡ. ನಿಮ್ಮ ಸ್ಟ್ಯಾಂಡಿನ ಗೆಳೆಯರಿಗೂ ತಿಳಿಸಿ.

ಡಿಸೆಂಬರ್‌ನಲ್ಲಿ ಮಡಿಕೇರಿಗೆ ಹೋಗಿದ್ದೆವು. ಬೆಳಗ್ಗೆ ಹೀಟರ್ ಹಾಕಿದರೆ ತಣ್ಣನೆ ಗಾಳಿ. ಹೀಟರ್‌ಗೂ ಬೇರೆ ಗ್ಯಾಸ್ ಇದೆಯೇ? ಬೆಂಗಳೂರಿನಲ್ಲಿ ನಾನು ಅದನ್ನು ಮುಟ್ಟಿಯೇ ಇಲ್ಲ. (ನಿವೃತ್ತ ಬ್ಯಾಂಕ್ ನೌಕರರು, ಮಲ್ಲೇಶ್ವರ)

ಗ್ಯಾಸ್ ಇಲ್ಲ ಸಾರ್. ಪೆಟ್ರೋಲ್, ಡೀಸೆಲ್ ಕಾರಿನಲ್ಲಿ ಹೀಟರ್ ಅಂದರೆ ಇಂಜಿನ್ನಿನ ಬಿಸಿಯೇ. ಇಂಜಿನ್ ತಂಪು ಮಾಡಿ ಬಿಸಿಯಾದ ಕೂಲೆಂಟ್ ಡ್ಯಾಶ್‌ಬೋರ್ಡ್ ಹಿಂದಿನ ಸಣ್ಣ ರೇಡಿಯೇಟರ್ ಒಂದಕ್ಕೆ ಬರುತ್ತದೆ, ಅದರ ಮೇಲೆ ಬ್ಲೋವರ್ ಗಾಳಿ ಹಾಯುತ್ತದೆ. ಹಾಗಾಗಿ ಚಳಿಯಲ್ಲಿ ಸ್ಟಾರ್ಟ್ ಮಾಡಿದ ತಕ್ಷಣ ಬಿಸಿ ಬರುವುದಿಲ್ಲ, ಐದು ಹತ್ತು ನಿಮಿಷ ಗಾಡಿ ಓಡಬೇಕು.

ಮುಳ್ಳು ಮಧ್ಯಕ್ಕೆ ಬಂದ ಮೇಲೂ ತಣ್ಣಗಿದ್ದರೆ ಮೊದಲು ಕೂಲೆಂಟ್ ಮಟ್ಟ ನೋಡಿ. ಇಂಜಿನ್ ಪೂರ್ತಿ ಆರಿದ ಮೇಲೆಯೇ. ಬಿಸಿ ಇದ್ದಾಗ ಮುಚ್ಚಳ ತೆಗೆದರೆ ಕುದಿಯುವ ನೀರು ಮುಖಕ್ಕೇ ಎರಚುತ್ತದೆ. ಮುಳ್ಳು ಮಧ್ಯಕ್ಕೇ ಬರದಿದ್ದರೆ, ಇಂಜಿನ್ ಬಿಸಿಯಾಗುವವರೆಗೆ ಕೂಲೆಂಟ್ ತಡೆಯುವ ವಾಲ್ವ್, ಅಂದರೆ ಥರ್ಮೋಸ್ಟಾಟ್, ತೆರೆದುಕೊಂಡೇ ಸಿಕ್ಕಿಕೊಂಡಿರಬಹುದು. ಇವೆರಡೂ ಸರಿಯಿದ್ದರೆ ಬಿಸಿ, ತಂಪು ಬದಲಾಯಿಸುವ ಒಳಗಿನ ಬಾಗಿಲನ್ನು ನೋಡಿಸಿ. ನೀವು ವರ್ಷಗಟ್ಟಲೆ ಮುಟ್ಟಿಲ್ಲ ಅಂದಿರಿ, ಮುಟ್ಟದ ಬಾಗಿಲು, ಕೇಬಲ್ ಜಾಮ್ ಆಗುತ್ತವೆ. ತಿಂಗಳಿಗೊಮ್ಮೆ ಆ ಗುಂಡಿಯನ್ನು ನೀಲಿಯಿಂದ ಕೆಂಪಿಗೆ, ಕೆಂಪಿನಿಂದ ನೀಲಿಗೆ ತಿರುಗಿಸಿ. ಕಾರಿನೊಳಗೆ ಸಿಹಿ ವಾಸನೆ, ಗಾಜಿನ ಒಳಗೆ ಜಿಡ್ಡಿನ ಮಂಜು ಕಂಡರೆ ಆ ಸಣ್ಣ ರೇಡಿಯೇಟರ್ ಸೋರುತ್ತಿದೆ ಅಂತ, ತಡಮಾಡಬೇಡಿ.

ನಮ್ಮ ಊರಿಗೆ ಹೀಟರ್ ಯಾಕೆ ಅನ್ನುವವರಿದ್ದಾರೆ. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 1884ರ ಜನವರಿಯ 7.8 ಡಿಗ್ರಿ, ಹಾಗಾಗಿ ಚಳಿಗೆ ಹೀಟರ್ ಬೇಕೇಬೇಕು ಅನ್ನುವ ದಿನಗಳು ಕಡಿಮೆಯೇ. ಆದರೆ ಜುಲೈ ಮಳೆಯಲ್ಲಿ ಗಾಜು ಮಂಜಾಗುತ್ತದಲ್ಲ, ಆಗ ಅದು ಬೇಕು. ಎಸಿ ಆನ್ ಮಾಡಿ, ಗುಂಡಿಯನ್ನು ಕೆಂಪಿನ ಕಡೆ ತಿರುಗಿಸಿ, ಗಾಳಿಯನ್ನು ಮುಂದಿನ ಗಾಜಿಗೆ ಬಿಟ್ಟು, ಹೊರಗಿನ ಗಾಳಿ ಒಳಬರುವ ಹಾಗೆ ಇಡಿ. ಎಸಿ ಮತ್ತು ಹೀಟರ್ ಒಟ್ಟಿಗೆ ಹಾಕಬಾರದು ಅಂತ ತುಂಬ ಜನ ನಂಬಿದ್ದಾರೆ. ಹಾಕಬಹುದು. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಗಾಜನ್ನು ಬೆಚ್ಚಗೆ ಮಾಡುತ್ತದೆ. ಮಂಜು ಗಾಜಿನ ಹೊರಗೆ ಇದ್ದರೆ ಬೇರೆ ಕತೆ. ಗಾಜು ತೀರಾ ತಣ್ಣಗಾಗಿದೆ ಅಂತ ಅರ್ಥ. ವೈಪರ್ ಹಾಕಿ, ತಂಪು ಕಡಿಮೆ ಮಾಡಿ.

ಎಸಿ ಹಾಕಿದ ಕೂಡಲೇ ಒದ್ದೆ ಬಟ್ಟೆಯ ವಾಸನೆ. ಎಡಗಡೆ ಮ್ಯಾಟ್ ಕೂಡ ನೆಂದಿರುತ್ತದೆ. (ಓದುಗರು, ಜಯನಗರ)

ತಣ್ಣನೆಯ ಕಾಯಿಲ್ ಮೇಲೆ ಗಾಳಿಯ ತೇವ ನೀರಾಗುತ್ತದೆ. ಅದು ಕಾರಿನ ಕೆಳಗೆ ತೊಟ್ಟಿಕ್ಕಿದರೆ ಒಳ್ಳೆಯದು, ಒಳಗೆ ಬಂದರೆ ಅದನ್ನು ಹೊರಹಾಕುವ ಡ್ರೈನ್ ಪೈಪ್ ಕಟ್ಟಿದೆ ಅಂತ. ಅದನ್ನು ಬಿಡಿಸಿ. ಕ್ಯಾಬಿನ್ ಫಿಲ್ಟರ್ ಬಹಳಷ್ಟು ಕಾರುಗಳಲ್ಲಿ ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ, ಅದನ್ನೂ ಬದಲಾಯಿಸಿ. ಮನೆ ಸೇರುವ ಎರಡು ಮೂರು ನಿಮಿಷ ಮೊದಲು ಎಸಿ ಆಫ್ ಮಾಡಿ, ಬ್ಲೋವರ್ ಮಾತ್ರ ಬಿಡಿ. ಕಾಯಿಲ್ ಒಣಗಿದರೆ ಬೂಷ್ಟು ಹಿಡಿಯುವುದು ಕಡಿಮೆಯಾಗುತ್ತದೆ.

ಸ್ಟಾರ್ಟ್ ಮಾಡಿದಾಗ ಡ್ಯಾಶ್‌ಬೋರ್ಡ್ ಒಳಗೆ ಟಕ್ ಟಕ್ ಸದ್ದು. ಎಡಗಡೆ ತಂಪು, ಬಲಗಡೆ ಬಿಸಿ. ಬ್ಯಾಟರಿ ತೆಗೆದು ಹಾಕಿದರೆ ಸರಿಹೋಗುತ್ತದೆ ಅಂತಾರೆ, ನಿಜವೇ? (ಅಂಗಡಿ ಮಾಲೀಕರು, ವಿಜಯನಗರ)

ಅರ್ಧ ನಿಜ. ಆಟೋಮ್ಯಾಟಿಕ್ ಎಸಿಯಲ್ಲಿ ಬಿಸಿ, ತಂಪು ಬದಲಾಯಿಸುವ ಒಳಗಿನ ಬಾಗಿಲನ್ನು ತಿರುಗಿಸುವುದು ಸಣ್ಣ ಮೋಟರ್, ಅದರೊಳಗೆ ಪ್ಲಾಸ್ಟಿಕ್ ಹಲ್ಲುಚಕ್ರ. ಬಾಗಿಲು ಎಲ್ಲಿದೆ ಅನ್ನುವ ಲೆಕ್ಕವನ್ನು ಕಂಪ್ಯೂಟರ್ ಇಟ್ಟುಕೊಂಡಿರುತ್ತದೆ. ಬ್ಯಾಟರಿ ಒಮ್ಮೆ ಪೂರ್ತಿ ಇಳಿದಿದ್ದರೆ ಆ ಲೆಕ್ಕ ತಪ್ಪಿರಬಹುದು. ಆಗ ರೀಸೆಟ್ ಕೆಲಸ ಮಾಡುತ್ತದೆ. ಹಲ್ಲು ಮುರಿದಿದ್ದರೆ ಎಷ್ಟು ಸಲ ಬ್ಯಾಟರಿ ತೆಗೆದರೂ ಅದೇ ಸದ್ದು, ಮೋಟರ್ ಬದಲಾಯಿಸಲೇಬೇಕು.

ಮೊದಲು ಕಾರಿನ ಪುಸ್ತಕ ನೋಡಿ, ಕೆಲವು ಕಾರುಗಳಿಗೆ ಬಟನ್ ಒತ್ತಿಯೇ ರೀಸೆಟ್ ಮಾಡುವ ದಾರಿ ಇದೆ. ಬ್ಯಾಟರಿಯೇ ತೆಗೆಯುವುದಾದರೆ ಇಂಜಿನ್ ಆಫ್ ಮಾಡಿ, ಕೀ ತೆಗೆದು, ಮೊದಲು ನೆಗೆಟಿವ್ ಬಿಚ್ಚಿ. ಹದಿನೈದು ನಿಮಿಷ ಬಿಟ್ಟು ಹಾಕಿ. ಪಾಸಿಟಿವ್ ಕೂಡ ಬಿಚ್ಚಿದ್ದರೆ ಮೊದಲು ಅದನ್ನು ಹಾಕಿ, ನೆಗೆಟಿವ್ ಕೊನೆಗೆ. ಆಮೇಲೆ ಇಗ್ನಿಷನ್ ಆನ್ ಮಾಡಿ ಒಂದೆರಡು ನಿಮಿಷ ಯಾವ ಬಟನ್ನೂ ಮುಟ್ಟಬೇಡಿ, ಮೋಟರ್‌ಗಳು ತಮ್ಮ ಎರಡೂ ತುದಿ ಹುಡುಕಿಕೊಳ್ಳಲಿ. ಗಡಿಯಾರ, ರೇಡಿಯೋ ಸ್ಟೇಷನ್ನುಗಳು ಅಳಿಸಿಹೋಗುತ್ತವೆ, ಕೆಲವು ಹಳೆಯ ಸ್ಟೀರಿಯೋಗಳು ಕೋಡ್ ಕೇಳುತ್ತವೆ, ಆ ಕೋಡ್ ಕೈಯಲ್ಲಿ ಇಲ್ಲದೆ ಕೈ ಹಾಕಬೇಡಿ. ಹೈಬ್ರಿಡ್, ಎಲೆಕ್ಟ್ರಿಕ್ ಕಾರುಗಳವರಿಗೆ ನನ್ನ ಸಲಹೆ ಬೇರೆ. ಅಲ್ಲಿ ಕಿತ್ತಳೆ ಬಣ್ಣದ ದಪ್ಪ ವೈರುಗಳಲ್ಲಿ ಜೀವ ತೆಗೆಯುವಷ್ಟು ಕರೆಂಟ್ ಇರುತ್ತದೆ, ಎಸಿ ಕಂಪ್ರೆಸರ್ ಓಡುವುದೂ ಅದರಿಂದಲೇ. ಸರ್ವಿಸ್ ಸೆಂಟರಿಗೇ ಒಯ್ಯಿರಿ.

ಕಾರಿನ ಟಚ್ ಸ್ಕ್ರೀನ್ ನಡುನಡುವೆ ನಿಂತುಬಿಡುತ್ತದೆ. ಕೀ ಆಫ್ ಮಾಡಿ ಆನ್ ಮಾಡಿದರೂ ಹಾಗೇ. (ಐಟಿ ಉದ್ಯೋಗಿ, ವೈಟ್‌ಫೀಲ್ಡ್)

ಕೀ ಆಫ್ ಮಾಡಿದರೆ ಎಷ್ಟೋ ಸ್ಕ್ರೀನ್‌ಗಳು ಪೂರ್ತಿ ಆಫ್ ಆಗುವುದಿಲ್ಲ, ಸುಮ್ನೆ ನಿದ್ದೆ ಮಾಡುತ್ತವೆ. ಪವರ್ ಬಟನ್ ಅಥವಾ ವಾಲ್ಯೂಮ್ ಗುಂಡಿಯನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ, ಬಹಳಷ್ಟು ಕಾರುಗಳಲ್ಲಿ ಕಂಪನಿಯ ಲೋಗೋ ಬಂದು ಹೊಸದಾಗಿ ಶುರುವಾಗುತ್ತದೆ. ಇದನ್ನು ಗಾಡಿ ನಿಲ್ಲಿಸಿಯೇ ಮಾಡಿ. ಆಮೇಲೆ ಪೆನ್‌ಡ್ರೈವ್ ತೆಗೆದು, ಫೋನಿನ ಕೇಬಲ್ ಬದಲಾಯಿಸಿ ಒಂದು ವಾರ ಓಡಿಸಿ ನೋಡಿ. ಸವೆದ ಕೇಬಲ್‌ನಿಂದ ಸ್ಕ್ರೀನ್ ಒದ್ದಾಡುವುದನ್ನು ನಾನು ತುಂಬ ನೋಡಿದ್ದೇನೆ.

ವೈಫೈ ನಿಂತರೆ, ಟಿವಿ ನಿಂತರೆ, ಮಗ ಫೋನಿನಲ್ಲಿ ಹೇಳುವುದು ಒಂದೇ, "ಅಮ್ಮಾ, ಆಫ್ ಮಾಡಿ ಆನ್ ಮಾಡು." ಸರಿಯೂ ಹೋಗುತ್ತದೆ. ಯಾಕೆ ಹೋಗುತ್ತದೆ? ಪದೇ ಪದೇ ಮಾಡಿದರೆ ಹಾಳಾಗುವುದಿಲ್ಲವೇ? (ಗೃಹಿಣಿ, ರಾಜಾಜಿನಗರ)

ಈ ವಾರದ ಒಳ್ಳೆಯ ಪ್ರಶ್ನೆ ನಿಮ್ಮದೇ ಅಮ್ಮಾ. ಮನೆಯಲ್ಲಿ ಹಬ್ಬದ ಅಡುಗೆ ನಡೆಯುವಾಗ ಕಟ್ಟೆಯ ತುಂಬ ಪಾತ್ರೆ, ಸಿಪ್ಪೆ, ಅರ್ಧ ಹೆಚ್ಚಿದ ತರಕಾರಿ ಸೇರಿಕೊಂಡು, ಕೊನೆಗೆ ಒಂದು ಲೋಟ ಇಡಲೂ ಜಾಗ ಇರುವುದಿಲ್ಲ ಅಲ್ವಾ? ಈ ಯಂತ್ರಗಳ ಮೆಮೊರಿಯೂ ಹಾಗೆಯೇ. ಯಾವುದೋ ಪ್ರೋಗ್ರಾಂ ಜಾಗ ತೆಗೆದುಕೊಂಡು ವಾಪಸ್ ಕೊಟ್ಟಿರುವುದಿಲ್ಲ, ಇನ್ನೊಂದು ಬಾರದ ಉತ್ತರಕ್ಕೆ ಕಾಯುತ್ತಾ ನಿಂತಿರುತ್ತದೆ. ಆಫ್ ಮಾಡಿದರೆ ಕಟ್ಟೆ ಪೂರ್ತಿ ತೊಳೆದ ಹಾಗೆ, ಎಲ್ಲವೂ ಮೊದಲಿನಿಂದ ಶುರು.

ಇದು ಮನೆಯ ವೈಫೈ ಡಬ್ಬಿಗೆ ಮಾತ್ರ ಅಂದುಕೊಳ್ಳಬೇಡಿ. 2015ರಲ್ಲಿ ಅಮೆರಿಕದ ವಿಮಾನಯಾನ ಆಡಳಿತ ಬೋಯಿಂಗ್ 787 ವಿಮಾನಗಳ ಬಗ್ಗೆ ಒಂದು ಆದೇಶ ಹೊರಡಿಸಿತು. ಅದರ ಜನರೇಟರ್ ನಿಯಂತ್ರಿಸುವ ಕಂಪ್ಯೂಟರ್‌ಗಳನ್ನು 248 ದಿನ ಒಂದೇ ಸಮ ಆನ್ ಇಟ್ಟರೆ, ಒಳಗಿನ ಎಣಿಕೆ ತುಂಬಿ ಹರಿದು, ವಿಮಾನದ ಕರೆಂಟ್ ಹೋಗುವ ಸಾಧ್ಯತೆ ಇತ್ತು. ಅಷ್ಟರೊಳಗೆ ಆಫ್ ಮಾಡಿ ಆನ್ ಮಾಡಿ ಅನ್ನುವುದೇ ಆಗಿನ ಪರಿಹಾರ. ನಿಮ್ಮ ಮಗ ಹೇಳಿದ್ದೇ!

ಮಾಡುವ ರೀತಿ ಮಾತ್ರ ಸರಿ ಇರಲಿ. ಸ್ವಿಚ್ ಆಫ್ ಮಾಡಿದ ಮೇಲೆ ಅರ್ಧ ನಿಮಿಷ ಕಾಯಿರಿ, ಒಳಗಿನ ಕೆಪಾಸಿಟರ್‌ಗಳಲ್ಲಿ ಸ್ವಲ್ಪ ಕರೆಂಟ್ ಉಳಿದಿರುತ್ತದೆ. ಗೋಡೆಯ ಫೈಬರ್ ಡಬ್ಬಿ ಬೇರೆ, ವೈಫೈ ಡಬ್ಬಿ ಬೇರೆ ಇದ್ದರೆ ಮೊದಲು ಫೈಬರ್‌ನದ್ದು ಆನ್ ಮಾಡಿ, ಅದರ ದೀಪಗಳು ಮಿಣುಕುವುದು ಬಿಟ್ಟು ಒಂದೇ ಸಮ ಉರಿದ ಮೇಲೆ ವೈಫೈ. ಹಿಂದೆ ಸೂಜಿ ತೂರುವಷ್ಟು ಒಂದು ತೂತಿನ ಪಕ್ಕ ರೀಸೆಟ್ ಅಂತ ಬರೆದಿರುತ್ತದೆ, ಅದನ್ನು ದಯವಿಟ್ಟು ಒತ್ತಬೇಡಿ. ಅದು ರೀಸ್ಟಾರ್ಟ್ ಅಲ್ಲ. ಪಾಸ್‌ವರ್ಡ್ ಸಮೇತ ಎಲ್ಲ ಸೆಟಿಂಗ್ ಅಳಿಸಿಬಿಡುತ್ತದೆ, ಆಮೇಲೆ ಇಂಟರ್‌ನೆಟ್‌ನವರು ಬರುವವರೆಗೆ ಕಾಯಬೇಕು.

ಲ್ಯಾಪ್‌ಟಾಪ್‌ನಲ್ಲಿ ಒಂದು ವಿಚಿತ್ರ ಇದೆ. ವಿಂಡೋಸ್ 8ರಿಂದ ಈಚೆಗೆ ಬಹಳಷ್ಟು ಕಂಪ್ಯೂಟರ್‌ಗಳಲ್ಲಿ ಶಟ್ ಡೌನ್ ಒತ್ತಿದರೆ ವಿಂಡೋಸ್‌ನ ಮುಖ್ಯ ಭಾಗ ಡಿಸ್ಕಿನಲ್ಲಿ ಹಾಗೇ ಉಳಿದು, ಮತ್ತೆ ಅಲ್ಲಿಂದಲೇ ಮುಂದುವರಿಯುತ್ತದೆ, ಬೇಗ ಶುರುವಾಗಲಿ ಅಂತ. ಹಾಗಾಗಿ ತೊಂದರೆ ಇದ್ದಾಗ ರೀಸ್ಟಾರ್ಟ್ ಅನ್ನೇ ಒತ್ತಬೇಕು, ಅದು ಪೂರ್ತಿ ತೊಳೆಯುತ್ತದೆ. ಫೋನ್ ಕಲ್ಲಿನ ಹಾಗೆ ನಿಂತರೆ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮತ್ತು ವಾಲ್ಯೂಮ್ ಕಡಿಮೆ ಮಾಡುವ ಬಟನ್ ಎರಡನ್ನೂ ಹತ್ತು ಹದಿನೈದು ಸೆಕೆಂಡ್ ಹಿಡಿಯಿರಿ. ಫೋಟೋ, ನಂಬರ್ ಏನೂ ಹೋಗುವುದಿಲ್ಲ.

ಹಾಳಾಗುತ್ತದೆಯೇ ಅಂದಿರಿ. ವಾರಕ್ಕೊಮ್ಮೆ ಮಾಡಿದರೆ ಏನೂ ಆಗದು. ಆದರೆ ದಿನಾ ಮಾಡಬೇಕಾಗಿ ಬಂದರೆ ಅದು ನಿಮಗೆ ಏನೋ ಹೇಳುತ್ತಿದೆ. ಅಡಾಪ್ಟರ್ ಮುಟ್ಟಿ ನೋಡಿ, ತೀರಾ ಸುಡುತ್ತಿದ್ದರೆ ಬದಲಾಯಿಸಿ. ಅದೇ ವೋಲ್ಟ್ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಸ್ವಲ್ಪ ಜಾಸ್ತಿ ಇರಲಿ, ಎಸ್.ಪಿ. ರಸ್ತೆಗೆ ಹೋಗುವಾಗ ಹಳೆಯದನ್ನು ಕೈಯಲ್ಲಿ ಹಿಡಿದೇ ಹೋಗಲಿ ಮಗ. ಇನ್ನು ಮುಂದೆ ಆಫ್ ಮಾಡುವ ಮೊದಲು ಒಂದು ಫೋಟೋ ತೆಗೆದಿಡಿ, ಯಾವ ದೀಪ ಕೆಂಪಗಿದೆ, ಸ್ಕ್ರೀನ್ ಮೇಲೆ ಏನು ಬರೆದಿದೆ ಅಂತ. ಆಫ್ ಮಾಡಿದರೆ ಆ ಸುಳಿವೂ ಅಳಿಸಿಹೋಗುತ್ತದೆ, ರಿಪೇರಿಯವರು ಬಂದಾಗ ತೋರಿಸಲು ಏನೂ ಇರುವುದಿಲ್ಲ.

ಮಳೆ ಬಂದರೆ ನಮ್ಮಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಫ್ರಿಜ್, ಎಸಿಗೂ ಅರ್ಧ ನಿಮಿಷ ಕಾದರೆ ಸಾಕೇ? (ಓದುಗರು, ಕೆಂಗೇರಿ)

ಸಾಲದು. ಇವುಗಳಲ್ಲಿ ಕಂಪ್ರೆಸರ್ ಇದೆ. ನಿಂತ ಮೇಲೆ ಎರಡೂ ಕಡೆಯ ಗ್ಯಾಸ್ ಒತ್ತಡ ಸಮ ಆಗಲು ಮೂರರಿಂದ ಐದು ನಿಮಿಷ ಬೇಕು. ಅಷ್ಟರೊಳಗೆ ಕರೆಂಟ್ ಬಂದರೆ ಮೋಟರ್ ತಿರುಗಲಾರದೆ ತಿಣುಕಿ ಬಿಸಿಯಾಗುತ್ತದೆ. ಹೊಸ ಎಸಿಗಳು ತಾವೇ ಕಾಯುತ್ತವೆ, ಹಳೆಯ ಫ್ರಿಜ್‌ಗಳು ಕಾಯುವುದಿಲ್ಲ. ಕರೆಂಟ್ ಕಣ್ಣಾಮುಚ್ಚಾಲೆ ಆಡುತ್ತಿದ್ದರೆ ಪ್ಲಗ್ ತೆಗೆದುಬಿಡಿ, ಮಳೆ ನಿಂತು ಕರೆಂಟ್ ಹತ್ತು ನಿಮಿಷ ಹೋಗದೆ ಇದ್ದ ಮೇಲೆ ಹಾಕಿ. ಬಾಗಿಲು ತೆಗೆಯದಿದ್ದರೆ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ, ಹಾಲು ಕೆಡುವುದಿಲ್ಲ.